ಮಂಗಮ್ಮ ಕಾಯ್ದ ಎಲೆ

ಜಯನಗರ, ಬೆಂಗಳೂರು
11-2-1965

ಚಿ. ಸೌ. ನೀಲಗಂಗಳಿಗೆ ನಿನ್ನ ಅವ್ವನ ಆಶೀರ್ವಾದ.

ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾಯಿತೆಂದು ಕೋಪಿಸಿಕೊಳ್ಳಬೇಡ. ಎರಡು ಸಲ ಉತ್ತರ ಬರೆದೆ, ಎರಡು ಸಲವೂ ಹರಿದು ಒಲೆಗೆ ಹಾಕಿದೆ. ಎರಡರಲ್ಲೂ ‘ಬರಲು ಆಗುವುದಿಲ್ಲ’ ಎಂದೇ ಇತ್ತು. ಕಾಗದದ ಮೊದಲಿಗೆ ಕ್ಷೇಮವೆಂದು ಬರೆಯುವುದು ರೂಢಿ. ಈ ಖಾಯಿಲೆ ಹತ್ತಿದ ಹನ್ನೊಂದು ವರ್ಷದಿಂದ ನಾನು ತಪ್ಪದೆ ಆ ಸುಳ್ಳನ್ನೇ ಬರೆದಿದ್ದೇನೆ. ಇವತ್ತು ನಿಜವಾಗಿ ಬರೆಯುತ್ತೇನೆ: ಖಾಯಿಲೆ ಹಾಗೆಯೇ ಇದೆ, ನಾನು ಕ್ಷೇಮವಾಗಿದ್ದೇನೆ.

‘ಮಗುವನ್ನು ನೀನೇ ತೊಡೆಯ ಮೇಲೆ ಮಲಗಿಸಿಕೊಂಡು ಲಿಂಗ ಕಟ್ಟಿಸಬೇಕು, ಹೆಸರೂ ನೀನೇ ಕೂಗಬೇಕು, ನೀನು ಬರದಿದ್ದರೆ ಹೆಸರೇ ಇಡುವುದಿಲ್ಲ’ ಎಂದು ಬರೆದಿದ್ದೀಯ. ಹಟದಲ್ಲಿ ನೀನು ನಿನ್ನ ಅಪ್ಪನ ಮಗಳೇ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಿತ್ತು. ನನ್ನ ಹೊಟ್ಟೆಯ ಖಾಯಿಲೆಯಿಂದಾಗಿ ನೀನು ದಾವಣಗೆರೆಯಲ್ಲೇ ಅತ್ತೆಯ ಕೈಯಲ್ಲಿ ಮಾಡಿಸಿಕೊಂಡೆ. ಅದಕ್ಕೆ ನೀನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಸಂಗ್ರಹಣಿ ಎಂದರೆ ಏನೆಂದು ನಿನಗೆ ಹೇಳಬೇಕಾಗಿಲ್ಲ. ತಿಂದದ್ದು ಮೈಗೆ ಹತ್ತುವುದಿಲ್ಲ. ಹೊಟ್ಟೆ ಕರೆದರೆ ಆ ಕ್ಷಣವೇ ಏಳಬೇಕು. ಡಾಕ್ಟರು ಹೋದ ಸಲ, “ಇದು ಬಿಟ್ಟುಹೋಗೋ ನೆಂಟ ಅಲ್ಲಮ್ಮ, ಮನೆಯಲ್ಲೇ ಇರೋ ನೆಂಟ. ಜಗಳ ಆಡಿ ಏನು ಪ್ರಯೋಜನ?” ಎಂದರು. ಆದರೆ ನಿನಗೂ ಗೊತ್ತಿಲ್ಲದ ಎರಡು ಸಂಗತಿಗಳಿವೆ.

ಒಂದು, ಹೊರಗೆ ಹೋಗುವಾಗ ನಾನು ನಿನ್ನ ಅಪ್ಪನ ಎರಡು ಟವೆಲುಗಳನ್ನು ಸೊಂಟಕ್ಕೆ ಸುತ್ತಿಕೊಂಡು ಅದರ ಮೇಲೆ ಸೀರೆ ಉಡುತ್ತಿದ್ದೆ. ಹಾಗೆ ಮಾಡದಿದ್ದರೆ ಗೂಟಕ್ಕೆ ಸೀರೆ ನೇತುಹಾಕಿದ ಹಾಗೆ ಕಾಣುತ್ತಿತ್ತು. ನೋಡಿದವರು “ಈಗ ಸ್ವಲ್ಪ ಮೈ ಕೈ ತುಂಬ್ಕೊಂಡಿದೀರಿ” ಎಂದರೆ, ಹೊಗಳಿಕೆ ನನಗೋ ಟವೆಲಿಗೋ ಎಂದು ಒಳಗೇ ಅಂದುಕೊಳ್ಳುತ್ತಿದ್ದೆ.

ಎರಡನೆಯದು ಇದು. ನಿನ್ನ ಅಪ್ಪ ಲಿಂಗೈಕ್ಯರಾದ ದಿನ ಸಂಜೆ ನಾನು ಲಿಂಗದ ಕರಡಿಗೆಯನ್ನು ಕೊರಳಿಂದ ಬಿಚ್ಚಿ, ದೀಪದ ಗೂಡಿನಲ್ಲಿಟ್ಟೆ. ದಿನಕ್ಕೆ ಹತ್ತು ಸಲ ಕಕ್ಕಸಿಗೆ ಓಡುವ ಈ ಹಾಳು ಮೈಮೇಲೆ ಲಿಂಗ ಇರಬಾರದು ಎನ್ನಿಸಿತು. ಹುಟ್ಟಿದ ಮೇಲೆ ಒಂದು ಗಳಿಗೆಯೂ ಮೈ ಬಿಡಬಾರದ ಲಿಂಗ. ಹದಿನೈದು ತಿಂಗಳು ಗೂಡಿನಲ್ಲೇ ಇತ್ತು. ದಿನಾ ಒಂದು ಹೂವಿಟ್ಟು ಕೈ ಮುಗಿದು ಬರುತ್ತಿದ್ದೆ, ಪರರ ಮನೆಯ ದೇವರಿಗೆ ಮುಗಿದ ಹಾಗೆ. ತನ್ನ ಲಿಂಗ ಬಿಚ್ಚಿಟ್ಟವಳು ಮೊಮ್ಮಗಳಿಗೆ ಹೇಗೆ ಲಿಂಗ ಕಟ್ಟಿಸಲಿ, ಹೇಳು? ಹರಿದು ಹಾಕಿದ ಎರಡೂ ಕಾಗದಗಳ ಕಾರಣ ಇದು.

ಈಗ ಸಂತೋಷದ ಸುದ್ದಿಗೆ ಬರುತ್ತೇನೆ. ನಮ್ಮ ಮನೆಯ ಒಡತಿ ಮಂಗಮ್ಮನವರು ನೀನು ನೋಡಿದಾಗ ಹೇಗಿದ್ದರೋ ಈಗಲೂ ಹಾಗೆಯೇ ಇದ್ದಾರೆ, ಅದೇ ದೊಡ್ಡ ಗಂಟಲು. ಯಡಿಯೂರಿನ ರಾಗಿ ಹೊಲದಲ್ಲಿ ಬಡಾವಣೆ ಎದ್ದು ಇಷ್ಟು ವರ್ಷವಾದರೂ ಅವರು ಮಾತಾಡುವುದು ಹೊಲದ ಆ ಬದುವಿನಿಂದ ಈ ಬದುವಿಗೆ ಕೂಗಿದ ಹಾಗೆಯೇ. ಹೋದ ಭಾನುವಾರ ಬನಶಂಕರಿ ಕಡೆ ಅವರ ಮಗನ ಹೊಸ ಮನೆಯ ಗೃಹಪ್ರವೇಶ. ನಾನು ಒಲ್ಲೆನೆಂದೆ.

“ಯಾಕೆ? ನಮ್ಮನೆ ಅನ್ನ ಮುಳ್ಳಾ?” ಎಂದರು.

“ಪಂಕ್ತಿಯಲ್ಲಿ ಕೂತು ನಡುವೆ ಏಳಬೇಕಾಗಿ ಬಂದರೆ ಏನು ಮಾಡಲಿ, ಮಂಗಮ್ಮಾರೇ? ಹೊಸ ಮನೆ, ಅಪಶಕುನ ಅಂತಾರೆ.”

“ಆ ಯೋಚ್ನೆ ನಂಗ್ ಬುಡಿ. ಜಟಕಾ ಹೇಳಿವ್ನಿ, ಹೊರಡಿ.”

ಅಲ್ಲಿನ ಪದ್ಧತಿ ನಿನಗೆ ಗೊತ್ತು. ಪಂಕ್ತಿಯಲ್ಲಿ ಒಬ್ಬರು ಎದ್ದರೆ ಊಟ ಮುಗಿದ ಹಾಗೆ, ಉಳಿದವರೂ ಕೈ ತೊಳೆಯಬೇಕು. ಚಪ್ಪರದಡಿ ಹೋದರೆ ಹಿತ್ತಿಲ ಬಾಗಿಲ ಪಕ್ಕದ ಕೊನೆಯ ಎಲೆಗೆ ಆಗಲೇ ಮೆತ್ತಗಿನ ಅನ್ನ ಬಡಿಸಿತ್ತು, ಪಕ್ಕದಲ್ಲಿ ನೀರುಮಜ್ಜಿಗೆ. ಮಂಗಮ್ಮನವರು ಕಣ್ಣಲ್ಲೇ ಅದನ್ನು ತೋರಿಸಿ ತಮ್ಮ ಕೆಲಸಕ್ಕೆ ಹೋದರು.

ಎರಡು ತುತ್ತು ತಿಂದಿರಬೇಕು. ಹೊಟ್ಟೆ ಕರೆಯಿತು. ಹಲ್ಲು ಕಚ್ಚಿ ಕೂತೆ. ಇನ್ನು ಸಾಧ್ಯವಿಲ್ಲ ಎನ್ನಿಸಿ ದಡಕ್ಕನೆ ಎದ್ದೆನೋ ಇಲ್ಲವೋ, ಒಂದು ಟವೆಲು ಸಡಿಲವಾಗಿ ಸೀರೆಯ ಒಳಗಿಂದ ಜಾರಿ, ಕೆಂಪು ಅಂಚಿನ ಸಮೇತ ಎಲ್ಲರೆದುರು ಕಾಲಬುಡದಲ್ಲಿ ಬಿತ್ತು. ನಲವತ್ತು ಜನ ಹೆಂಗಸರು.

ಮಂಗಮ್ಮನವರ ಅತ್ತೆ ಮುನಿವೆಂಕಟಮ್ಮ, ಎಂಬತ್ತು ದಾಟಿದ ಮುದುಕಿ, ಎದುರಿನ ಎಲೆಯಿಂದ ಕತ್ತು ಚಾಚಿ ಕೇಳಿದರು: “ಒಂದೇ ಟವಲ್ಲಾ, ಒಳಗಿನ್ನೂ ಐತಾ?”

ನನ್ನ ಬಾಯಿಂದ ಸತ್ಯವೇ ಬಂತು. “ಇನ್ನೊಂದು ಇದೆ ಅಜ್ಜಿ.”

ಆ ನಗು ನೀನು ಕೇಳಬೇಕಿತ್ತು, ನೀಲಾ. ಚಪ್ಪರವೇ ಅಲುಗಿತು. ನಗುವಿನ ನಡುವೆ ಯಾರೋ ಪಾಪ ಏಳಲು ಹೋದರು. ಮಂಗಮ್ಮನವರು ಸಾರಿನ ಬಕೆಟ್ಟು ಅಲ್ಲೇ ಕುಕ್ಕಿ, “ಯಾರೂ ಏಳ್ಬ್ಯಾಡಿ! ಕುಂತ್ಕಳಿ! ಪಾಯ್ಸ ಇನ್ನೂ ಬರ್ಬೇಕು. ಶಿವಬಸಮ್ಮೋರೇ, ನೀವು ನಿಧಾನುಕ್ಕೆ ಹೋಗ್ಬನ್ನಿ. ಎಲೆ ನಾನು ಕಾಯ್ತೀನಿ” ಎಂದು ನನ್ನ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

ಹಿಂತಿರುಗಿ ಬಂದೆ. ನಲವತ್ತು ಜನವೂ ಎಲೆಯ ಮೇಲೆ ಕೈಯಿಟ್ಟು ಸುಮ್ಮನೆ ಕಾಯುತ್ತಿದ್ದರು. ನಾನು ಕೂತು ಒಂದು ತುತ್ತು ಬಾಯಿಗಿಟ್ಟ ಮೇಲೆಯೇ ಪಂಕ್ತಿ ಮತ್ತೆ ಶುರುವಾಯಿತು. ಎರಡನೆಯ ಟವೆಲನ್ನು ನಾನೇ ಬಿಚ್ಚಿ ಮಡಿಸಿ ತಂದಿದ್ದೆ. ಮುನಿವೆಂಕಟಮ್ಮ ಅದನ್ನು ನೋಡಿ, “ಹೊಟ್ಟೆ ಅಂದ್ಮ್ಯಾಕೆ ಕರೀತದೆ ಕಣವ್ವ. ನನ್ ಮಂಡಿ ನೋಯಾಕಿಲ್ವಾ, ಹಂಗೇಯ. ಕರ್ದಾಗ ಹೋಗಿ ಬಂದ್ರಾಯ್ತು” ಎಂದು ಆ ಟವೆಲಿನಲ್ಲೇ ಕೈ ಒರೆಸಿಕೊಂಡರು. ಅವತ್ತು ಅರ್ಧ ಲೋಟ ಪಾಯಸ ಕುಡಿದೆ. ಆಮೇಲೆ ಅನುಭವಿಸಿದೆ, ಆ ಮಾತು ಬೇರೆ.

ಜಟಕಾದಲ್ಲಿ ಬರುವಾಗ ಮಂಗಮ್ಮನವರು ನನ್ನ ಬರೀ ಕೊರಳನ್ನು ನೋಡಿ, “ನಿಮ್ ಕರಡಿಗೆ ಗೂಡಲ್ಲೈತೆ, ದಿನಾ ನೋಡ್ತೀನಿ. ನಿಮ್ಮೋರಲ್ಲಿ ಮೈಮೇಲಿರ್ಬೇಕಲ್ವಾ?” ಎಂದರು.

“ಈ ಮೈಗೆ ಸದಾ ಮೈಲಿಗೆ” ಎಂದೆ.

“ನಿಮ್ಮಲ್ಲಿ ಮೈಲಿಗೆ ಇಲ್ಲ ಅಂತ ನಿಮ್ ಯಜಮಾನ್ರೇ ಜಗಲಿ ಮೇಲ್ ಕುಂತು ನಂಗೆ ಪಾಠ ಹೇಳೋರು. ಬ್ಯಾರೆ ಜಾತಿಯೋಳು ನಾನು, ನಂಗ್ ನೆಪ್ಪೈತೆ, ನಿಮ್ಗಿಲ್ವಾ?”

ಹೌದು, ನೀಲಾ. ನಮ್ಮಲ್ಲಿ ಹುಟ್ಟಿಗೆ ಇಲ್ಲದ ಸೂತಕ, ಸಾವಿಗೆ ಇಲ್ಲದ ಸೂತಕ ನನ್ನ ಹೊಟ್ಟೆಗೆ ಎಲ್ಲಿಂದ ಬಂತು? ನಾನೇ ತಂದಿಟ್ಟುಕೊಂಡದ್ದು. ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ಕನ್ನಡಿಯ ಮುಂದೆ ನಿಂತು ಬಹಳ ಹೊತ್ತು ನನ್ನನ್ನು ನೋಡಿಕೊಂಡೆ. ಎಣಿಸಬಹುದಾದ ಪಕ್ಕೆಲುಬು, ಒಳಕ್ಕೆ ಹೋದ ಹೊಟ್ಟೆ. ನಿನ್ನನ್ನು ಒಂಬತ್ತು ತಿಂಗಳು ಹೊತ್ತದ್ದೂ ಇದೇ ಹೊಟ್ಟೆ. ಅದು ನೆನಪಿಗೇ ಬಂದಿರಲಿಲ್ಲ ನೋಡು. ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿ ಮತ್ತೆ ಧರಿಸಿದೆ. ಕರಡಿಗೆ ಎದೆಯ ಮೂಳೆಗೆ ಟಕ್ಕೆಂದು ತಗುಲಿತು. ಮೊದಲು ತಣ್ಣಗಿತ್ತು, ಸ್ವಲ್ಪ ಹೊತ್ತಿಗೆ ಮೈಯಷ್ಟೇ ಬೆಚ್ಚಗಾಯಿತು. ಪ್ರತಿದಿನ ಎಷ್ಟು ಸಲ ಎದ್ದೆ, ಏನು ದಕ್ಕಲಿಲ್ಲ ಎಂದು ಮಾತ್ರ ಬರೆಯುತ್ತಿದ್ದ ನನ್ನ ಡೈರಿಯಲ್ಲಿ ಅವತ್ತು ‘ನಕ್ಕೆ’ ಎಂದು ಬರೆದಿದ್ದೇನೆ.

ಹಾಗಾಗಿ ಬರುತ್ತೇನೆ. ಇಪ್ಪತ್ತೆರಡನೆಯ ತಾರೀಖು ಹಗಲಿನ ರೈಲು. ಬಸ್ಸಿನಲ್ಲಿ ಇಲ್ಲದ ಅನುಕೂಲ ರೈಲಿನಲ್ಲಿದೆ. ಕಕ್ಕಸಿನ ಬಾಗಿಲ ಪಕ್ಕದಲ್ಲೇ ಜಾಗ ಹಿಡಿದು ಕೂರಿಸುತ್ತೇನೆಂದು ಮಂಗಮ್ಮನವರ ಯಜಮಾನರು ಗಂಗಾಧರಯ್ಯ ಮಾತು ಕೊಟ್ಟಿದ್ದಾರೆ. ಮಗುವಿಗೆ ಬೆಳ್ಳಿಯ ಪುಟ್ಟ ಕರಡಿಗೆ ತರುತ್ತೇನೆ. ಮಗು ನನ್ನ ತೊಡೆಯ ಮೇಲೆ ಮೂಳೆ ಚುಚ್ಚಿತೆಂದು ಅತ್ತರೆ, ಮಡಿಸಿ ಹಾಸಲು ಆ ಎರಡು ಟವೆಲುಗಳೂ ನನ್ನ ಚೀಲದಲ್ಲಿರುತ್ತವೆ.

ಅಳಿಯಂದಿರಿಗೂ ಬೀಗರಿಗೂ ಶರಣಾರ್ಥಿ ಹೇಳು. ನಿನ್ನ ಮಗಳು ಹೊಟ್ಟೆ ತುಂಬ ಉಂಡು, ಹೊಟ್ಟೆ ತುಂಬ ನಗುತ್ತ ಬಾಳಲಿ.

ನಿನ್ನ ಅವ್ವ,
ಶಿವಬಸಮ್ಮ

ಮರೆತಿದ್ದಲ್ಲ, ಬರೆಯಲಾರದೆ ಕೊನೆಗಿಟ್ಟದ್ದು: ನಿನ್ನ ಅಪ್ಪ ಕೊನೆಯ ಗುಟುಕನ್ನು ನನ್ನ ಕೈಯಿಂದ ಕುಡಿದರೆಂದು ಅವತ್ತು ನಿನಗೆ ಹೇಳಿದ್ದೆ. ಅದು ಸುಳ್ಳು. ಬೆಳಗಿನಿಂದ ಕೈ ಹಿಡಿದು ಕೂತಿದ್ದೆ. ಮಧ್ಯಾಹ್ನ ಮೂರಕ್ಕೆ ಹೊಟ್ಟೆ ಕರೆಯಿತು, ಎದ್ದುಹೋದೆ. ಬರುವಷ್ಟರಲ್ಲಿ ಎಲ್ಲ ಮುಗಿದು ಚಮಚ ಮಂಗಮ್ಮನವರ ಕೈಯಲ್ಲಿತ್ತು. ಆ ಹೊಟ್ಟೆಯನ್ನು ನಾನು ಕ್ಷಮಿಸಿರಲಿಲ್ಲ. ಆ ದಿನದ ಮಾತು ತೆಗೆದರೆ ಎದ್ದುಹೋಗುತ್ತಿದ್ದೆನಾದ್ದರಿಂದ ಮಂಗಮ್ಮನವರೂ ಬಾಯಿ ಬಿಟ್ಟಿರಲಿಲ್ಲ. ಜಟಕಾ ಇಳಿಯುವಾಗ ನಾನೇ ಕೇಳಿದೆ. ಅವರು ಬಾಯಿಗೆ ನೀರು ಬಿಡಲು ಹೋದಾಗ ನಿನ್ನ ಅಪ್ಪ ನಾನು ಹೋದ ಬಾಗಿಲ ಕಡೆ ನೋಡಿ, “ಅವಳಿಗೆ ಅವಸರ ಮಾಡಬೇಡಿ. ಬರ್ತಾಳೆ” ಎಂದರಂತೆ. ಅದೇ ಕೊನೆಯ ಮಾತು.

ಸ್ಟೇಷನ್ನಿನಲ್ಲಿ ಎಲ್ಲರೂ ಇಳಿದ ಮೇಲೂ ನಾನು ಕಾಣದಿದ್ದರೆ ಗಾಬರಿಯಾಗಬೇಡ, ಮಗಳೇ. ಬಾಗಿಲ ಹತ್ತಿರವೇ ನಿಂತಿರು. ಬರ್ತೀನಿ.