ಕೆಂಪಿ ಕಟ್ಟೋ ಜಾಗ

ಕೆಂಗೇರಿ ಹಳೇ ಊರು
14-7-2025, ಸೋಮವಾರ

ಅಮ್ಮಾ,

ಚೆನ್ನಾಗಿದೀಯಾ ಅಂತ ಕೇಳಲ್ಲ. ಬಾಪೂಜಿ ನಗರದ ಚಿಕ್ಕಮ್ಮನ ಮನೇಲಿ ರೂಮಿಗೇ ಅಂಟ್ಕೊಂಡಿರೋ ಬಾತ್‌ರೂಮ್ ಇದೆ, ಚೆನ್ನಾಗೇ ಇರ್ತೀಯ. ಫೋನ್ ಮಾಡಿದ್ರೆ ಎತ್ತಲ್ಲ, ವಾಯ್ಸ್ ಕಳಿಸಿದ್ರೆ ಕೇಳಲ್ಲ. ಅದಕ್ಕೇ ಒಂಬತ್ತನೇ ಕ್ಲಾಸಿಗೆ ಸ್ಕೂಲ್ ಬಿಟ್ಟ ನಿನ್ನ ಮಗಳು ಪೆನ್ನು ಹಿಡ್ಕೊಂಡು ಕೂತಿದಾಳೆ. ತಪ್ಪು ಹುಡುಕ್ಬೇಡ. ಬಾ ಅಂತ ಕರೆಯೋಕೂ ಬರೀತಿಲ್ಲ. ನೀನು ಹೋದ ಮೇಲೆ ಇಲ್ಲಿ ಏನೇನು ರಂಪಾಟ ಆಯ್ತು ಅಂತ ನಿಂಗೆ ಗೊತ್ತಿರ್ಲಿ, ಅಷ್ಟೆ.

ಹಿತ್ತಲ ಕಕ್ಕಸಿಗೆ ಮಳೇಲಿ ಹೋಗಿ ಜಾರಿ ಬಿದ್ದೆಯಲ್ಲ, ಮಂಡಿಗೆ ಬ್ಯಾಂಡೇಜ್ ಸುತ್ಕೊಂಡು ಹೊಸ್ಲು ದಾಟೋ ಮುಂಚೆ ಅಜ್ಜಿ ಕಡೆ ತಿರುಗಿ ಒಂದು ಮಾತು ಅಂದೆ. "ಈ ಮನೇಲಿ ಹಸೂಗೆ ಒಳಗೆ ಜಾಗ ಇದೆ, ನಂಗಿಲ್ಲ." ಅಜ್ಜಿ ಅವತ್ತು ರಾಗಿ ಮುದ್ದೆ ಮುಟ್ಲಿಲ್ಲ. ಅದನ್ನೂ ನಿಂಗೆ ಯಾರೂ ಹೇಳಿಲ್ಲ ಅಲ್ವಾ.

ನನಗೆ ಕೋಪ ಬರೋದು ಬಾಗಿಲ ಪಕ್ಕದ ಆ ನೀಲಿ ಬೋರ್ಡ್ ನೋಡಿದ್ರೆ. ಸಂರಕ್ಷಿತ ಪಾರಂಪರಿಕ ತೋಟದ ಮನೆ. ತೋಟ ಎಲ್ಲಿದೆ? ತೋಟ ಲೇಔಟ್ ಆಗಿ ನಾನು ಹುಟ್ಟೋಕೆ ಮುಂಚೇನೇ ಹೋಯ್ತು. ಉಳಿದಿರೋದು ಪ್ಲೇಗ್ ಕಾಲದಲ್ಲಿ ಊರು ಬಿಟ್ಟು ಬಂದ ಮುತ್ತಾತನ ಅಪ್ಪ ಕಟ್ಟಿಸಿದ ಈ ಗೋಡೆಗಳು. ಒಂದೊಂದೂ ಮೊಳಕ್ಕಿಂತ ದಪ್ಪ, ಪೂರ್ತಿ ಮಣ್ಣು. ನಾಡಹೆಂಚು, ಹೊನ್ನೆ ಕಂಬ, ಮಧ್ಯೆ ಬಾಯಿ ತೆರ್ಕೊಂಡಿರೋ ತೊಟ್ಟಿ. ಕಾಲೇಜು ಹುಡುಗರು ಬಂದು ಕಂಬ ತಬ್ಕೊಂಡು ಫೋಟೋ ಹೊಡೀತಾರೆ. ಮೊನ್ನೆ ಒಬ್ಳು ಮೈಕ್ ಹಿಡಿದು, ಇಂಥಾ ಮನೇಲಿ ಬದುಕೋಕೆ ಹೇಗನ್ಸುತ್ತೆ ಅಂದ್ಳು. ಉಚ್ಚೆ ಬಂದಾಗ ಕೊಡೆ ಹುಡುಕೋ ಹಾಗನ್ಸುತ್ತೆ ಅಂದೆ. ಮೈಕ್ ಆಫ್ ಮಾಡಿದ್ಳು.

ಇನ್ನು ನಿನ್ನ ಗಂಡನ ಬುದ್ಧಿ ಕೇಳು. ಒಳಗೇ ಕಕ್ಕಸ್ ಕಟ್ತೀವಿ ಅಂದ್ರೆ, ಆ ಬೋರ್ಡ್ ಹಾಕಿದ ಕಮಿಟಿಯವರು ನೆಲ ಅಗೆಯೋ ಹಾಗಿಲ್ಲ, ಗೋಡೆ ಒಡೆಯೋ ಹಾಗಿಲ್ಲ ಅಂದಿದ್ರಲ್ಲ. ಗೋಡೆ ಒಡೀದೆ ಪೈಪ್ ಬೀದಿ ಚರಂಡಿಗೆ ಹೋಗಲ್ಲ. ಅಪ್ಪ ತಲೆ ಓಡಿಸಿದ್ರು. ಹೊಸದಾಗಿ ಅಗೆದ್ರೆ ತಾನೇ ತಪ್ಪು, ಆಗ್ಲೇ ಅಗೆದಿರೋ ಗುಂಡಿ ಇದೆಯಲ್ಲ ಅಂತ. ಯಾವ್ದು ಗೊತ್ತಾ? ನಡುಮನೆ ಹಗೇವು. ತಾತಂದಿರು ನೆಲದಡಿ ಗುಡಾಣದ ಥರ ತೋಡಿ ವರ್ಷಗಟ್ಲೆ ರಾಗಿ ತುಂಬಿಡ್ತಿದ್ದ ಗುಂಡಿ. ಹಗೇವು ತೆಗೆದಾಗ ಮೊದಲ್ನೇ ಮೊರ ರಾಗಿ ಸೊಸೇನೇ ಎತ್ತಬೇಕು, ಅಲ್ಲೀತಂಕ ಅತ್ತೆ ಕೂಡ ಮುಟ್ಟೋ ಹಾಗಿಲ್ಲ. ಹೊಲ ಇಲ್ದೆ ಹೋದ್ರೂ ನಿನ್ನ ಮದ್ವೇಲಿ ಅಂಗಡಿಯಿಂದ ರಾಗಿ ತಂದು ಅದಕ್ಕೆ ಸುರಿದು ನಿನ್ ಕೈಯಲ್ಲಿ ಎತ್ತಿಸಿದ್ರಂತೆ. ಅಪ್ಪ ಅದನ್ನ ಕಕ್ಕಸ್ ಗುಂಡಿ ಮಾಡೋಕೆ ಹೊರಟ್ರು.

ಮೇಸ್ತ್ರಿ ನಾಗೇಂದ್ರ ಹಾರೆ ಎತ್ಕೊಂಡು ಬಂದ. ಅಜ್ಜಿ ಚಾಪೆ ತಂದು ಹಗೇವಿನ ಚಪ್ಪಡಿ ಮೇಲೆ ಹಾಸ್ಕೊಂಡು ಕೂತ್ಬಿಟ್ಳು. ಊಟ ಅಲ್ಲೇ, ಎಲೆಅಡಿಕೆ ಅಲ್ಲೇ, ನಿದ್ದೆ ಅಲ್ಲೇ. ಅಪ್ಪ ಕೈ ಮುಗಿದ್ರು, ಬೈದ್ರು, ನಿನ್ನ ಹೆಸರು ಹೇಳಿ ಅತ್ರು. ಅಲ್ಲಾಡ್ಲಿಲ್ಲ. ನಾಗೇಂದ್ರ ಬೀಡಿ ಸೇದಿ ಸೇದಿ ವಾಪಸ್ ಹೋದ. ಅಪ್ಪಂದೂ ತಪ್ಪು, ಅಜ್ಜೀದೂ ಹಟ ಅಂತ ನಾನು ಇಬ್ಬರ ಮೇಲೂ ಕೂಗಾಡಿದೆ. ಕೂಗಿ ಗಂಟ್ಲು ಹೋಗಿ ಮಾರನೇ ದಿನ ಮೊಬೈಲ್ ಅಂಗಡೀಲಿ ಕಸ್ಟಮರ್‌ಗೆ ಕೈಸನ್ನೆ ಮಾಡ್ಕೊಂಡು ಇದ್ದೆ.

ಸುದ್ದಿ ಕಮಿಟಿಗೆ ಹೋಯ್ತು. ವೆಂಕಟಗಿರಿ ಸಾರ್ ಬಂದ್ರು, ಜೊತೇಲಿ ರಾಗಿಣಿ ಅಂತ ಒಬ್ರು ಆರ್ಕಿಟೆಕ್ಟ್. ಸಾರ್‌ಗೆ ಹಗೇವು ನೋಡಿ ಹಬ್ಬ. ಇಷ್ಟು ದಿನ ಲಿಸ್ಟಲ್ಲಿ ಬಂದೇ ಇರ್ಲಿಲ್ವಂತೆ, ಇದಕ್ಕೂ ಒಂದು ಬೋರ್ಡ್ ಹಾಕ್ಬೇಕಂತೆ. ನನ್ನ ತಲೆ ಕೆಟ್ಟೋಯ್ತು. "ನಿಮ್ ಲಿಸ್ಟಲ್ಲಿ ಕಂಬ ಇದೆ, ಕಿಟಕಿ ಇದೆ, ಗುಂಡೀನೂ ಬಂತು. ನಮ್ಮಮ್ಮ ಯಾವಾಗ ಸಾರ್ ಬರೋದು?" ಅಂದೆ. ಅವರು ಕನ್ನಡಕ ಒರೆಸ್ಕೊಂಡ್ರು.

ರಾಗಿಣಿ ಮೇಡಂ ಮಾತ್ರ ಮನೆಯೆಲ್ಲಾ ಸುತ್ತಿ ಕೊಟ್ಟಿಗೇಲಿ ನಿಂತ್ಕೊಂಡ್ರು. ತಲೆಬಾಗಿಲು ದಾಟಿದ ಕೂಡ್ಲೇ ಎಡಕ್ಕೆ, ಒಂದು ಮೆಟ್ಲು ಕೆಳಗೆ, ಕೆಂಪಿ ಕಟ್ಟೋ ಜಾಗ ಇದೆಯಲ್ಲ, ಅಲ್ಲಿ. ಗಂಜಲ ಹರಿಯೋಕೆ ಕಲ್ಲಲ್ಲಿ ಕಾಲುವೆ ಮಾಡಿ, ಅಡಿಪಾಯದ ತೂತಿಂದ ಬೀದಿಗೆ ಬಿಟ್ಟಿದಾರಲ್ಲ. ಆ ಕಾಲುವೇಲೇ ಪೈಪ್ ಮಲಗಿಸ್ಬಹುದು, ಒಂದು ಕಲ್ಲೂ ಅಲ್ಲಾಡ್ಸೋದು ಬೇಡ, ಕಮಿಟಿ ಒಪ್ಪುತ್ತೆ ಅಂದ್ರು. ಸಾರೂ ತಲೆ ಆಡಿಸಿದ್ರು. ಆಮೇಲೆ ಎಲ್ಲರೂ ಕೆಂಪೀನ ನೋಡಿದ್ವಿ. ಅವಳನ್ನ ಅಲ್ಲಿಂದ ಎಬ್ಬಿಸು ಅಂತ ಅಜ್ಜೀಗೆ ಹೇಳೋರು ಯಾರು? ಅಪ್ಪ ಹೆಂಚು ಎಣಿಸೋರ ಥರ ಮೇಲೆ ನೋಡ್ತಿದ್ರು. ಬೇಸಾಯ ಅಂತ ಈ ಮನೇಲಿ ಉಳಿದಿರೋದು ಅದೊಂದೇ ಬಾಲ.

ಅಜ್ಜಿ ಚಪ್ಪಡಿಯಿಂದ ಎದ್ಳು. ಮಂಡಿ ಹಿಡ್ಕೊಂಡು ಬಂದು ರಾಗಿಣಿ ಮೇಡಂನ ಕೇಳಿದ್ಳು.

"ಇಲ್ಲಿ ಮಾಡಿದ್ರೆ ನನ್ ಸೊಸೆ ನೆನೀದೆ ಹೋಗ್ಬೋದೇನವ್ವಾ?"

ಹೋಗ್ಬಹುದು ಅಂದ್ರು. ಅಜ್ಜಿ ತಾನೇ ಹಗ್ಗ ಬಿಚ್ಚಿ ಕೆಂಪೀನ ಬೀದಿ ಕೊನೇ ಮುನಿರಾಮಯ್ಯನವರ ಕೊಟ್ಟಿಗೆಗೆ ಹೊಡ್ಕೊಂಡು ಹೋದ್ಳು. ಬರುವಾಗ ಬರೀ ಹಗ್ಗ. ಅದನ್ನ ಅದೇ ಗೂಟಕ್ಕೆ ನೇತು ಹಾಕಿದ್ಳು. ಈಗ್ಲೂ ಅಲ್ಲೇ ಇದೆ.

ಒಪ್ಪಿಗೆ ಪತ್ರ ಬರೋಕೆ ಕಾಯಿಸಿ ಕಾಯಿಸಿ ಸಾಯಿಸಿದ್ರು, ಅದು ಬೇರೆ ಪುರಾಣ. ಮೊನ್ನೆ ಕೆಲಸ ಮುಗೀತು. ಬೇಕಾದಾಗ ಬಿಚ್ಚೋ ಹಾಗೆ ಹಲಗೆ ಗೋಡೆ, ಕಮೋಡು, ಮಂಡಿ ನೋವಿನವ್ರು ಹಿಡ್ಕೊಳ್ಳೋಕೆ ಸ್ಟೀಲ್ ಕಂಬಿ. ಕಂಬಿ ನಾನು ಹಾಕಿಸಿದ್ದು ಅಂತೇನೂ ಅಲ್ಲ, ಸಿಕ್ತು, ಹಾಕಿಸ್ದೆ. ಕೆಂಪಿ ಬೆಳಿಗ್ಗೆ ಮೇಯೋಕೆ ಹೋಗುವಾಗ ನಮ್ಮ ಬಾಗ್ಲಲ್ಲಿ ನಿಂತು ಒಳಗೆ ಬರೋಕೆ ಎಳೀತಾಳೆ. ಅಜ್ಜಿ ಅವಳ ಕುತ್ತಿಗೆ ತಟ್ಟಿ ಮುಂದಕ್ಕೆ ಕಳಿಸ್ತಾಳೆ.

ನೀನು ಬರ್ತೀಯೋ ಬಿಡ್ತೀಯೋ ನಿನ್ನಿಷ್ಟ. ನಂಗೇನೂ ಇಲ್ಲ.

ಇಂತಿ ನಿನ್ನ ಬಾಯಿಬಡುಕಿ,
ಸ್ಪಂದನ

ವಿ.ಸೂ.: ಬರೀಬೇಡ ಅಂತ ಅಜ್ಜಿ ಹೇಳಿದ್ದು ಒಂದಿದೆ. ಹೊಸ ಬಾಗಿಲಿಗೆ ಬೀಗ ಹಾಕಿದಾಳೆ. ಕೀಲಿ ಸೆರಗಿನ ತುದೀಲಿ. ಹಗೇವಿನ ಥರಾನೇ ಇದೂ ಅಂತೆ, ಮೊದಲು ಸೊಸೆ, ಆಮೇಲೆ ಮಿಕ್ಕೋರು. ಅಪ್ಪ ಕಾಲು ಹಿಡಿದ್ರೂ ಬಿಡ್ಲಿಲ್ಲ. ಅವಳೂ ಹೋಗ್ತಿಲ್ಲ. ಈ ಮಳೇಲಿ ನಾವು ಮೂರು ಜನಾನೂ ಇನ್ನೂ ಹಿತ್ತಲಿಗೇ ಓಡ್ತಿದೀವಿ. ಇರೋದು ಒಂದೇ ಕೊಡೆ. ಬೇಗ ಬಾ.