ಕಾಲ್ಚೀಲದೊಳಗಿನ ಉಲ್ಲನ್ ಪಟ್ಟಿ

ಲಂಡನ್, ೧೮೬೩ ಡಿಸೆಂಬರ್, ಮಂಗಳವಾರ.

ಇವತ್ತು ನಾನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು.

ಫುಟ್‌ಬಾಲ್ ನಿಯಮಗಳ ಸಭೆ. ಚೆಂಡು ಹಿಡಿದು ಓಡುವವನ ಮೊಣಕಾಲಿನ ಕೆಳಗೆ ಒದೆಯಬಹುದೆಂಬ ನಿಯಮ ಇರಬೇಕೋ ಬೇಡವೋ ಎಂಬುದೇ ಜಗಳ. ಬೇಡವೆಂದವನು ಪ್ಯಾಸ್ಕೋ, ಎದುರು ಕ್ಲಬ್ಬಿನ ನಾಯಕ.

"ಸೋಮವಾರ ಆಫೀಸಿಗೆ ಕುಂಟ್ಕೊಂಡು ಹೋಗೋಕಾಗಲ್ಲ ಕಣ್ರಯ್ಯಾ," ಎಂದ.

ನಾನು ಎದ್ದುನಿಂತು ಅಬ್ಬರಿಸಿದೆ: "ಏಟಿಗೆ ಹೆದರೋನು ಮನೇಲಿ ಅಕ್ಕತಂಗೀರ ಜೊತೆ ಕೂತು ಉಲ್ಲನ್ ಹೆಣೀಲಿ!"

ನಮ್ಮವರು ಮೇಜು ಕುಟ್ಟಿ ನಕ್ಕರು. ಪ್ಯಾಸ್ಕೋ ಕೆಂಪಾದ.

ಮತ ಹಾಕಿದಾಗ ನಾವು ಸೋತೆವು. ಇನ್ನು ಯಾರೂ ಒದೆಯುವಂತಿಲ್ಲ. ನಮ್ಮವರು ಹಲ್ಲು ಕಡಿಯುತ್ತಿದ್ದರೆ ನನಗೆ ಒಳಗೊಳಗೇ ಹೋದ ಜೀವ ಬಂದಂತಾಯಿತು. ಥೂ, ನನ್ನ ಜನ್ಮಕ್ಕಿಷ್ಟು.

ಮೆಟ್ಟಿಲಿಳಿಯುವಾಗ ಪ್ಯಾಸ್ಕೋ ಪಕ್ಕಕ್ಕೆ ಬಂದ. ಶನಿವಾರದ ಆಟದಲ್ಲಿ ನನ್ನ ಕಾಲಿಗೆ ಒದ್ದವನು ಅವನೇ.

"ಒದ್ದಾಗ ಮೆತ್ತಗಿತ್ತು ಮಾರಾಯಾ," ಎಂದ, ನನಗಷ್ಟೇ ಕೇಳಿಸುವಂತೆ. "ಕಾಲ್ಚೀಲದೊಳಗಿನ ಪಟ್ಟಿ ಇನ್ನು ತೆಗೆದಿಡು. ನಾನು ಯಾರಿಗೂ ಹೇಳಿಲ್ಲ."

ಸಭೆಯಲ್ಲಿ ಇದೊಂದು ಮಾತು ಅಂದಿದ್ದರೆ ನಾನು ಅಲ್ಲೇ ಮುಗಿದುಹೋಗುತ್ತಿದ್ದೆ. ಅವನು ಅನ್ನಲಿಲ್ಲ.

ಆ ಪಟ್ಟಿಯನ್ನು ಉಲ್ಲನ್‌ನಲ್ಲಿ ಹೆಣೆದುಕೊಟ್ಟವಳು ನನ್ನ ತಂಗಿ. ಊಟಕ್ಕೆ ಕೂತಾಗ, "ಸಭೇಲಿ ನೀನು ಏನಂದೆ ಅಣ್ಣಾ?" ಎಂದು ಆಸೆಯಿಂದ ಕೇಳಿದಳು. ನಾನು, "ಉಲ್ಲನ್ ಹೆಣೆಯೋರ ವಿಷಯ ಎರಡು ಮಾತು ಅಂದೆ ಕಣೇ," ಎಂದು ತಟ್ಟೆಗೆ ತಲೆ ಬಗ್ಗಿಸಿದೆ.