ಪರದೆಯ ಮೂಲೆಯ ಟೇಪು

ಭಾವನವರಿಗೆ,

ನಮಸ್ಕಾರ ಎಂದು ಬರೆಯುವಷ್ಟು ದೊಡ್ಡ ಮನಸ್ಸು ಇವತ್ತು ನನಗಿಲ್ಲ. ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಪತ್ರ. ಅಕ್ಕ ಓದಿದರೂ ಅಡ್ಡಿಯಿಲ್ಲ.

ಸ್ಟುಡಿಯೋದ ಕಂಪ್ಯೂಟರ್ ಪರದೆಯ ಮೂಲೆಗೆ ನೀವು ಅಂಟಿಸಿದ್ದ ಕಪ್ಪು ಟೇಪನ್ನು ಇವತ್ತು ಕಿತ್ತೆ. ಗಿರಾಕಿಗಳು ಫೋಟೋ ಆರಿಸುವಾಗ 'ಅಪ್‌ಡೇಟ್ ಮಾಡಿ' ಎಂಬ ಎಚ್ಚರಿಕೆ ಅಲ್ಲಿ ಬಂದು ಕೂರುತ್ತದೆಂದು ನಿಮಗೆ ಕಿರಿಕಿರಿ. ಒಂದು ಗುಂಡಿ ಒತ್ತುವ ಬದಲು ಟೇಪು ಹಚ್ಚಿದಿರಿ! "ಆಂಟಿವೈರಸ್ ಹಾಕ್ಸಿದೀನಲ್ಲ, ಒಂದ್ಸಲ ಹಾಕಿದ್ಮೇಲೆ ಮುಗೀತು. ದಿನಾ ಅದರ ತಲೆ ಸವರ್ತಾ ಕೂತ್ಕೊಳ್ಳಕ್ಕಾಗುತ್ತಾ?" ಎಂದಿರಿ. ಅಪ್‌ಡೇಟ್ ಮಾಡದಿದ್ದರೆ ಹಳೇ ಕಳ್ಳರ ಮುಖವಷ್ಟೇ ಗೊತ್ತಿರುವ ಕಾವಲುಗಾರ ಅದು, ಹೊಸಬರು ಬಂದರೆ ಕುರ್ಚಿ ಹಾಕಿ ಕೂರಿಸುತ್ತದೆ ಎಂದು ಬಡಕೊಂಡೆ. "ನಮ್ಮ ನಾದಿನಿ ದೊಡ್ಡ ಇಂಜಿನಿಯರು" ಎಂದು ಎಲ್ಲರೆದುರು ನಕ್ಕಿರಿ.

ಹೊಸ ವೈರಸ್ಸಿನ ರೂಪದಲ್ಲಿ ಹೊಸಬ ಬಂದ. ಒಳಗಿದ್ದ ಫೋಟೋಗಳಿಗೆಲ್ಲ ಯಾರೂ ತೆರೆಯಲಾಗದಂತೆ ಬೀಗ ಜಡಿದು ಹೋದ. ಇನ್ನೊಂದು ಪ್ರತಿಯಿದ್ದ ಡಿಸ್ಕನ್ನೂ ಅದೇ ಕಂಪ್ಯೂಟರಿಗೆ ಸಿಕ್ಕಿಸಿಟ್ಟಿದ್ದಿರಿ, ಅದೂ ಹೋಯಿತು. ರಿಪೇರಿಯವನು ನೋಡಿ ಕೈಚೆಲ್ಲಿದ.

ಮದುವೆಯವರು ಬೈದರು, ಬೈಸಿಕೊಂಡೆ. ಆದರೆ ಪಕ್ಕದ ಬೀದಿಯ ಟೈಲರಮ್ಮ? ಮುಂದಿನ ಹಲ್ಲು ಬಿದ್ದಿದೆಯೆಂದು ಬಾಯಿ ಬಿಡದ ಅವರ ಮಗಳನ್ನು ನಗಿಸಲು ನೀವು ಟವೆಲ್ ತಲೆಗೆ ಸುತ್ತಿ ಕುಣಿದಿರಿ. ಒಪ್ಪುತ್ತೇನೆ, ಆ ನಗು ನಿಮ್ಮಿಂದಲೇ ಬಂದದ್ದು. ಪ್ರಿಂಟ್ ಒಯ್ಯುವ ಮೊದಲೇ ಆ ಮಗು ಜ್ವರದಲ್ಲಿ ತೀರಿಕೊಂಡಿತು. ಅದು ನಕ್ಕಿರುವ ಫೋಟೋ ಅದೊಂದೇ. ದೊಡ್ಡದು ಮಾಡಿಕೊಡಿ ಎಂದು ತಾಯಿ ಬಂದಾಗ, ಎಲ್ಲ ಹೋಗಿದೆಯೆಂದು ಗೊತ್ತಿದ್ದೂ "ಪ್ರಿಂಟಿಗೆ ಕೊಟ್ಟಿದೀನಮ್ಮ, ಶುಕ್ರವಾರ ಬನ್ನಿ" ಎಂದಿರಿ. ಮರುದಿನ ನನ್ನನ್ನು ಕೌಂಟರಿಗೆ ಕೂರಿಸಿ ಅಕ್ಕನ ಜೊತೆ ಊರು ಬಿಟ್ಟಿರಿ.

ಟೇಪು ಹಚ್ಚಿದ ಪೆದ್ದತನವನ್ನು ಒಂದು ದಿನ ಮರೆತೇನು. ಈ ಹೇಡಿತನವನ್ನು ಮರೆಯಲಾರೆ. ನಿಮ್ಮನ್ನು ನೆನೆದರೆ ಮೈ ಉರಿಯುತ್ತದೆ. ನಿನ್ನೆ ಆ ತಾಯಿ ಬಾಗಿಲಲ್ಲಿ ನಿಂತು, "ಗೋಡೆಗೆ ಮೊಳೆ ಹೊಡ್ಸಿಟ್ಟಿದೀನಿ. ಎಷ್ಟು ದೊಡ್ಡದು ಬರುತ್ತಮ್ಮ?" ಎಂದು ಕೇಳಿದರು. ನಾನು ಕೈ ಅಗಲಿಸಿ ತೋರಿಸಿಬಿಟ್ಟೆ. ನಿಮ್ಮ ಸುಳ್ಳಿಗೆ ನನ್ನ ಕೈಯನ್ನೂ ಸೇರಿಸಿದಿರಿ.

ಶುಕ್ರವಾರ ಕೌಂಟರಿನ ಹಿಂದೆ ನೀವು ನಿಂತಿರಬೇಕು. ಟೇಪನ್ನು ಈ ಲಕೋಟೆಯಲ್ಲೇ ಹಾಕಿದ್ದೇನೆ. ಬೇಕಾದರೆ ಕಣ್ಣಿಗೆ ಅಂಟಿಸಿಕೊಂಡು ಬನ್ನಿ, ಆದರೆ ಬನ್ನಿ.

ಅಕ್ಕ ಸುಖವಾಗಿರಲಿ. ನಿಮಗೆ ಹಾರೈಸಬೇಕೋ ಬೇಡವೋ ಎಂಬುದನ್ನು, ಆ ಗೋಡೆಯ ಖಾಲಿ ಮೊಳೆಯನ್ನು ನೀವು ನೋಡಿ ಬಂದ ಮೇಲೆ ಯೋಚಿಸುತ್ತೇನೆ.

ಇತಿ,
ನೀವು ಆಡಿಕೊಂಡು ನಕ್ಕಿದ್ದ ಇಂಜಿನಿಯರ್ ನಾದಿನಿ